ಮದುಮಗಳ ಕೋಣೆಗೆ ಕಾಳಿನ ಕಂಡಿ

ನಮ್ಮ ಮನೆಯನ್ನು ಹುಡುಕಿಕೊಂಡು ಬರುವವರು ಹೆಚ್ಚಾಗಿ ಮನೆಯ ಮೇಲೆಯೇ ನಿಂತು, ಮನೆ ಎಲ್ಲಿ ಎಂದು ಕೇಳುತ್ತಾರೆ. ನಿಮ್ಮ ಕಾಲ ಕೆಳಗೇ ಇದೆ ಎಂದು ನಾವು ಕೆಳಗಿನಿಂದ ಕೂಗಬೇಕು. ಗುಡ್ಡದ ಮೆತ್ತನೆ ಮಣ್ಣಿನಲ್ಲಿ ಬಾವಿಯಂತೆ ತೋಡಿದ ದೊಡ್ಡ ಗುಂಡಿ. ಅದರ ತಳವೇ ನಮ್ಮ ಅಂಗಳ, ಸುತ್ತಲಿನ ಗೋಡೆಯೊಳಕ್ಕೆ ಕೊರೆದವೇ ನಮ್ಮ ಕೋಣೆಗಳು. ಹೊರಗೆ ಹೋಗಬೇಕೆಂದರೆ ಸುರಂಗದ ಏರು ಹತ್ತಬೇಕು. ಮರುಭೂಮಿಯ ಅಂಚಿಗಿರುವ ಮತ್ಮಾತಾದ ಈ ಕಣಿವೆಯಲ್ಲಿ ಇಂಥ ಮನೆಗಳು ಈಗ ಕಡಿಮೆ. ಸರ್ಕಾರ ಬಯಲಿನಲ್ಲಿ ಹೊಸ ಮತ್ಮಾತಾ ಅಂತ ಒಂದು ಊರು ಕಟ್ಟಿಸಿದ ಮೇಲೆ ಬಹಳ ಜನ ಅಲ್ಲಿಗೆ ಇಳಿದರು. ನಾವು ಇಳಿಯಲಿಲ್ಲ. ಕಟ್ಟಿದ ಮನೆ ಒಂದಲ್ಲ ಒಂದು ದಿನ ಬೀಳುತ್ತೆ, ತೋಡಿದ ಮನೆ ಬೀಳೋದಾದರೂ ಎಲ್ಲಿಗೆ ಅನ್ನುವುದು ನನ್ನ ಗಂಡ ಖ್ಲೀಫಾ ಅವರ ವಾದ.

ನಮ್ಮ ಕೊನೆಯ ಮಗ ನೌಫಲ್ ಹೊಸ ಊರಿನಲ್ಲಿ ಏ.ಸಿ. ರಿಪೇರಿ ಮಾಡುತ್ತಾನೆ. ಹಗಲೆಲ್ಲ ಊರವರ ಮನೆ ತಂಪು ಮಾಡಿ, ಸಂಜೆ ಯಾವ ಯಂತ್ರವೂ ಬೇಡದ ನಮ್ಮ ಗುಂಡಿಗೆ ಬಂದು ಮಲಗುತ್ತಾನೆ. ಅಲ್ಲೇ ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದ ಮೊಂಜಿಯಾಳನ್ನು ಅವನು ಮೆಚ್ಚಿದ್ದ. ಅಂಗಡಿಯ ಏ.ಸಿ. ಆ ವರ್ಷ ಯಾಕೆ ಅಷ್ಟು ಸಲ ಕೆಟ್ಟಿತು ಎಂದು ನಾವು ಕೇಳಲಿಲ್ಲ.

ಹುಡುಗಿ ತಾಯಿಯ ಜೊತೆ ನಮ್ಮ ಮನೆ ನೋಡಲು ಬಂದದ್ದು ಆಗಸ್ಟಿನ ಒಂದು ಮಧ್ಯಾಹ್ನ. ಮೇಲೆ ಕಲ್ಲು ಕಾದು ಕತ್ತೆಗಳೂ ಕಾಲು ಬದಲಾಯಿಸುತ್ತಿದ್ದವು. ಮೊಂಜಿಯಾ ಚಪ್ಪಲಿ ಬಿಟ್ಟು ಒಳಗೆ ಬಂದು, ತಣ್ಣನೆಯ ನೆಲದ ಮೇಲೆ ಅಂಗೈ ಊರಿ ಕುಳಿತಳು. ಕೈ ಎತ್ತದೆಯೇ ತಾಯಿಗೆ ಹೇಳಿದಳು:

“ಅಮ್ಮ, ನಾನು ಇಲ್ಲೇ ಇರ್ತೀನಿ.”

ತಾಯಿ ಸಾಸಿಯಾ ಗೋಡೆಗೆ ಬೆನ್ನು ತಾಗದ ಹಾಗೆ ಕೂತಿದ್ದಳು. “ಸತ್ತ ಮೇಲೆ ಹೇಗೂ ಮಣ್ಣೊಳಗೆ ಇರೋದೇ ಅಲ್ವೇನೆ? ಅಷ್ಟು ಅವಸರ ಏನು?” ಅಂದಳು.

ನಾನು ಚಹಾ ಬಗ್ಗಿಸಿದೆ. ಮಾತಿಗೆ ಸಿಟ್ಟಾಗುವ ವಯಸ್ಸು ನನಗೆ ದಾಟಿದೆ, ಮೇಲಾಗಿ ಮಾತು ಚೆನ್ನಾಗಿತ್ತು. ಕೊನೆಗೆ ಸಾಸಿಯಾಳೂ ಒಪ್ಪಿದಳು, ಆದರೆ ಒಪ್ಪಿಗೆಯನ್ನು ಅರ್ಧ ಬಾಯಲ್ಲೇ ಇಟ್ಟುಕೊಂಡಳು.

ಮದುವೆಯಾಗುವ ಮಗನಿಗೆ ಒಂದು ಹೊಸ ಕೋಣೆ ತೋಡಿಕೊಡುವುದು ನಮ್ಮಲ್ಲಿ ತಂದೆಯ ಕೆಲಸ. ಖ್ಲೀಫಾ ಮತ್ತು ನೌಫಲ್ ಸೇರಿ ಬಾರ್ಲಿ ತುಂಬುತ್ತಿದ್ದ ಹಳೆಯ ಕಣಜದ ಕೋಣೆಯನ್ನೇ ಅಗಲ ಮಾಡಿದರು. ಆ ಕಣಜದ ಮಾಳಿಗೆಯಲ್ಲಿ ಒಂದು ಕಂಡಿ ಇತ್ತು. ಹಿಂದೆ ಕತ್ತೆಗಳು ಮನೆಯ ನೆತ್ತಿಯ ಮೇಲೆ ಬಂದು ನಿಲ್ಲುತ್ತಿದ್ದವು, ಗಂಡಸರು ಅಲ್ಲಿಂದಲೇ ಚೀಲ ಬಿಚ್ಚಿ ಸುರಿದರೆ ಕಾಳು ನೇರ ಕೋಣೆಗೆ ಬೀಳುತ್ತಿತ್ತು. ಈಗ ಬಾರ್ಲಿ ಬೆಳೆಯುವವರು ಯಾರು? ಮದುಮಗಳ ತಲೆಯ ಮೇಲೆ ಮೇಕೆ ಇಣುಕಬಾರದು ಎಂದು ಖ್ಲೀಫಾ ಆ ಕಂಡಿಗೆ ಕಲ್ಲು ಕೂರಿಸಿ, ಮಣ್ಣು ಮೆತ್ತಿ, ಮೇಲೆ ಕೆಳಗೆ ಎರಡೂ ಕಡೆ ನಯ ಮಾಡಿದರು. ಕಂಡಿ ಇದ್ದ ಗುರುತೇ ಉಳಿಯಲಿಲ್ಲ. ಆ ಕೈಚಳಕವನ್ನು ಅವರು ಬಂದವರಿಗೆಲ್ಲ ತೋರಿಸುತ್ತಿದ್ದರು. ಎಲ್ಲಿದೆ ಹೇಳಿ ನೋಡೋಣ ಅನ್ನುವುದು, ಬಂದವರು ಸೋತರೆ ಮೀಸೆ ತಿರುವುವುದು.

ಕೋಣೆಗೆ ಸುಣ್ಣ ಬಳಿದು, ದೃಷ್ಟಿ ತಾಗದಂತೆ ಬಾಗಿಲ ಮೇಲೆ ನೀಲಿಯಲ್ಲಿ ಮೀನು ಬರೆದು, ಆಮೇಲೆ ಬಾಗಿಲು ಮುಚ್ಚಿ ಅದರ ಸಂದಿಗೆಲ್ಲ ಹಸಿಮಣ್ಣು ಸವರಿದೆವು. ಮದುಮಗಳು ಕಾಲಿಡುವವರೆಗೆ ಅಲ್ಲಿ ಬೇರೆಯವರ ಕಣ್ಣು ಬೀಳಬಾರದು, ಉಸಿರು ತಾಗಬಾರದು. ನನ್ನ ಕೋಣೆಯನ್ನೂ ಹಾಗೇ ಮುಚ್ಚಿಟ್ಟಿದ್ದರು, ನನ್ನ ಅತ್ತೆಯದನ್ನೂ.

ಆ ಚಳಿಗಾಲ ಶುರುವಾಗುವ ಹೊತ್ತಿಗೆ ಗಾಬೆಸ್ ಪಟ್ಟಣದಿಂದ ಇಬ್ತಿಸಾಮ್ ಎಂಬ ಹೆಣ್ಣುಮಗಳು ಬಂದಳು. ಕಾಲೇಜಿನಲ್ಲಿ ಪಾಠ ಮಾಡುವವಳು. ಗುಂಡಿ ಮನೆ, ಗುಡ್ಡದ ಕಲ್ಲುಮನೆ, ಹೊಸ ಊರಿನ ಇಟ್ಟಿಗೆಮನೆ ಹೀಗೆ ಬೇರೆಬೇರೆ ತರಹದ ಮನೆಗಳೊಳಗಿನ ಗಾಳಿ ಹೇಗಿದೆ ಎಂದು ಅಳೆಯುತ್ತಿದ್ದಳು. ಅವಳ ಬಳಿ ಚಹಾ ಲೋಟದಷ್ಟೇ ಎತ್ತರದ ಕಪ್ಪು ಡಬ್ಬಿಗಳಿದ್ದವು. ತಂತಿಯಿಲ್ಲ, ದೀಪವಿಲ್ಲ, ಶಬ್ದವಿಲ್ಲ. ಅದನ್ನು ಮೂರು ತಿಂಗಳು ತೂಗುಹಾಕಿದರೆ ಒಳಗಿನ ಚಿಕ್ಕ ಹಾಳೆಯ ಮೇಲೆ ಗಾಳಿಯಲ್ಲಿದ್ದದ್ದರ ಗೀರು ಬೀಳುತ್ತದಂತೆ. ನಮ್ಮ ಮನೆಯ ಡಬ್ಬಿಯನ್ನು ನಾವಿಬ್ಬರು ಮಲಗುವ ಕೋಣೆಯ ಮೊಳೆಗೆ ಅವಳೇ ನೇತುಹಾಕಿದಳು. ಜಾಗ ಬದಲಾಯಿಸಬೇಡಿ, ದಿನವೂ ಇರುವ ಹಾಗೇ ಇರಿ ಎಂದು ಹೇಳಿ, ಒಣ ಅಂಜೂರ ಕಟ್ಟಿಸಿಕೊಂಡು ಹೋದಳು.

ಖ್ಲೀಫಾ ಅವರಿಗೆ ಅಂದು ಸಂಜೆಯೇ ಸಮಾಧಾನವಿರಲಿಲ್ಲ. ಅತಿಥಿ ನಂಬಿ ಬಿಟ್ಟುಹೋದ ಸಾಮಾನು, ಈರುಳ್ಳಿ ಗೊಂಚಲಿನ ಪಕ್ಕ ನೇತಾಡುವುದೇ? ಮನೆಗೆ ಬಂದದ್ದನ್ನು ಮನೆಯ ಒಳ್ಳೆಯ ಜಾಗದಲ್ಲಿ ಇಡಬೇಕು. ಮನೆಯಲ್ಲಿ ಎಲ್ಲಕ್ಕಿಂತ ಒಳ್ಳೆಯ ಜಾಗ ಯಾವುದು? ಹೊಸ ಸುಣ್ಣದ, ಯಾರೂ ಕಾಲಿಡದ ಮದುಮಗಳ ಕೋಣೆ.

“ಬೇಡ ರೀ. ಜಾಗ ಬದಲಾಯಿಸಬೇಡಿ ಅಂದಿದ್ದಾಳೆ” ಅಂದೆ.

“ಅದು ಸಂಕೋಚಕ್ಕೆ ಹೇಳಿದ್ದು ಕಣೇ. ಊಟ ಬೇಡ ಅಂತಾನೂ ಅಂದ್ಲು. ತಿನ್ನಲಿಲ್ವಾ?”

ತಿಂದಿದ್ದಳು, ಎರಡು ಸಲ ಕುಸ್ಕುಸ್ ಹಾಕಿಸಿಕೊಂಡು. ಹಾಗಾಗಿ ನನ್ನ ವಾದಕ್ಕೆ ಬಲ ಉಳಿಯಲಿಲ್ಲ. ಖ್ಲೀಫಾ ಬಾಗಿಲ ಮಣ್ಣು ಸ್ವಲ್ಪ ಬಿಡಿಸಿ, ಉಸಿರು ಬಿಗಿಹಿಡಿದುಕೊಂಡು, ಕಣ್ಣು ಅರ್ಧ ಮುಚ್ಚಿಕೊಂಡು ಒಳಗೆ ಕೈ ಚಾಚಿ ಡಬ್ಬಿ ನೇತುಹಾಕಿ ಮತ್ತೆ ಮಣ್ಣು ಸವರಿದರು. ಚಳಿಗಾಲ ಮುಗಿದಾಗ ಅದನ್ನು ಹಾಗೇ ಹೊರಗೆ ತೆಗೆದು, ಧೂಳು ಒರೆಸಿ, ಮೊದಲಿನ ಮೊಳೆಗೆ ಹಾಕಿದರು. ಇಬ್ತಿಸಾಮ್ ಬಂದು ಒಯ್ದ ದಿನ ನಾನು ಎಣ್ಣೆ ಗಾಣಕ್ಕೆ ಹೋಗಿದ್ದೆ.

ವಸಂತದಲ್ಲಿ ಅವಳು ಎಲ್ಲರನ್ನೂ ಶಾಲೆಗೆ ಕರೆದಳು. ನಾನು ಐವತ್ತು ದಾಟಿದ ಮೇಲೆ ಸಂಜೆಯ ತರಗತಿಯಲ್ಲಿ ಅಕ್ಷರ ಕಲಿತದ್ದು ಅದೇ ಕೋಣೆಯಲ್ಲಿ, ಹಾಗಾಗಿ ಹೋಗಿ ನನ್ನ ಬೆಂಚಿನಲ್ಲೇ ಕುಳಿತೆ. ಹೊಸ ಊರಿನಿಂದ ಸಾಸಿಯಾಳೂ ಮಗಳೊಂದಿಗೆ ಬಂದಿದ್ದಳು, ಅವರ ಮನೆಯಲ್ಲೂ ಡಬ್ಬಿ ಇಟ್ಟಿದ್ದರಲ್ಲ. ಇಬ್ತಿಸಾಮ್ ಹೇಳಿದಳು: ಡಬ್ಬಿ ತೋರಿಸಿದ ಲೆಕ್ಕ ಹೊಸ ಊರಿನ ಮನೆಗಳಲ್ಲಿ ಕಡಿಮೆ, ಕಲ್ಲುಮನೆಗಳಲ್ಲಿ ಅದಕ್ಕಿಂತ ಸ್ವಲ್ಪ ಹೆಚ್ಚು, ಗುಂಡಿ ಮನೆಗಳಲ್ಲಿ ಇನ್ನೂ ಹೆಚ್ಚು. ಒಂದು ಮನೆಯಲ್ಲಂತೂ ಉಳಿದೆಲ್ಲವನ್ನೂ ಮೀರಿಸಿದೆ, ಇರಬಹುದಾದ ಗೆರೆ ದಾಟಿ ನಾಲ್ಕು ಪಟ್ಟು.

ಯಾರ ಮನೆ ಎಂದು ಖ್ಲೀಫಾ ಕೇಳಿದರು. ಅವರವರ ಲೆಕ್ಕ ಅವರವರಿಗೆ ಬೇರೆಯಾಗಿ ಹೇಳುತ್ತೇನೆ ಎಂದಳು. ಇವರು ಬಿಡಲಿಲ್ಲ, ಎದ್ದು ಹೋಗಿ ಕಿವಿ ಕೊಟ್ಟರು. ಅವಳು ಏನೋ ಮೆಲ್ಲಗೆ ಹೇಳಿದಳು. ಇವರು ಜನರ ಕಡೆ ತಿರುಗಿ, ಹಿಂದೊಮ್ಮೆ ನಮ್ಮ ಆಲಿವ್ ಎಣ್ಣೆಗೆ ಬಹುಮಾನ ಬಂದ ದಿನ ನಿಂತ ಹಾಗೆಯೇ ಎದೆ ಸೆಟೆಸಿ ನಿಂತರು.

“ನಮ್ಮದೇ!” ಅಂದರು.

ಆಮೇಲೆ ಅವಳು ಆ ಹೆಚ್ಚಿನ ಅರ್ಥ ಹೇಳಿದಳು. ಮಣ್ಣಿಗೂ ಕಲ್ಲಿಗೂ ಒಂದು ಉಸಿರು ಇದೆ ಅಂದುಕೊಳ್ಳಿ. ಅದರಲ್ಲಿ ರೇಡಾನ್ ಎಂಬ ಅನಿಲ ಬರುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಬಯಲಲ್ಲಿ ಹಾರಿಹೋಗುತ್ತದೆ, ಮುಚ್ಚಿದ ಕಡೆ ಕೂಡಿಕೊಳ್ಳುತ್ತದೆ. ವರ್ಷಗಟ್ಟಲೆ ಅದನ್ನು ಎಳೆದುಕೊಂಡವರಿಗೆ ಶ್ವಾಸಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಏರುತ್ತದೆ. ನನ್ನ ಗಂಡ ಸದ್ದಿಲ್ಲದೆ ಬಂದು ಬೆಂಚಿನಲ್ಲಿ ಕುಳಿತರು. ಮೊಂಜಿಯಾ ತಲೆ ತಗ್ಗಿಸಿದ್ದಳು. ಸಾಸಿಯಾ ತಗ್ಗಿಸಿರಲಿಲ್ಲ.

ಮರುದಿನವೇ ಬೀಗಿತಿ ನಮ್ಮ ಅಂಗಳದಲ್ಲಿದ್ದಳು. ಕೂರಲೂ ಇಲ್ಲ. ಖ್ಲೀಫಾ ಅವರ ಅಣ್ಣ ಮಬ್ರೂಕ್ ಇದೇ ಗುಂಡಿಯಲ್ಲಿ ಹುಟ್ಟಿ ಇದೇ ಗುಂಡಿಯಲ್ಲಿ ಕೆಮ್ಮಿ ಕೆಮ್ಮಿ, ನಾವು ಹೆಸರು ಹೇಳದ ಆ ಕಾಯಿಲೆಯಲ್ಲೇ ಹೋದದ್ದನ್ನು ನೆನಪಿಸಿದಳು. ಹೊಸ ಊರಿನಲ್ಲಿ ಬಾಡಿಗೆ ಮನೆ ಮಾಡಿದರೆ ಮದುವೆ, ಇಲ್ಲದಿದ್ದರೆ ಇಲ್ಲ, ಬೇಸಿಗೆ ಮುಗಿಯುವುದರೊಳಗೆ ಹೇಳಿ ಎಂದಳು.

“ನನ್ನ ಮಗಳನ್ನ ಈ ಗುಂಡಿಗೆ ಇಳಿಸಲ್ಲ ಅಕ್ಕ. ಬೇಕಾದ್ರೆ ನಿಮ್ಮ ಮಗ ಮೇಲೆ ಹತ್ತಿ ಬರ್ಲಿ.”

ಅವಳ ಮಾತಿನಲ್ಲಿ ತಪ್ಪಿರಲಿಲ್ಲ. ತಾಯಿಯಾದವಳು ಇನ್ನೇನು ಹೇಳಬೇಕು? ನೌಫಲ್ ಸುರಂಗದ ದಾರಿಯಲ್ಲಿ ಹೋಗಿ ಕುಳಿತ. ಅಲ್ಲಿ ಹೋಗಿ ಅವನು ಏನು ಮಾಡುತ್ತಾನೆಂದು ಮನೆಗೆಲ್ಲ ಗೊತ್ತು, ಸಿಗರೇಟು ಸೇದುತ್ತಾನೆ. ತಂದೆಯ ಎದುರು ಮಗ ಸೇದಬಾರದು, ಅವನಿಗೆ ಮೂವತ್ತಾದರೂ ಸರಿ, ಅರವತ್ತಾದರೂ ಸರಿ. ಮಗ ಸೇದುವುದನ್ನು ತಂದೆ ನೋಡಬಾರದು. ಅದಕ್ಕೇ ಖ್ಲೀಫಾ ಸುರಂಗದ ತಿರುವಿಗೆ ಬರುವ ಮೊದಲು ಗಟ್ಟಿಯಾಗಿ ಕೆಮ್ಮುತ್ತಾರೆ. ಇವನು ಆರಿಸಿ ಎಸೆಯುತ್ತಾನೆ. ಇವರು ಹೊಗೆಯ ನಡುವೆ ನಡೆದುಕೊಂಡು ಬಂದು, ಸಲಾಂ ಹೇಳಿ, ಅಂಗಳದಲ್ಲಿ ಕುಳಿತು ತಮ್ಮದನ್ನು ಹಚ್ಚುತ್ತಾರೆ.

ಅಂದು ರೊಟ್ಟಿ ತಟ್ಟುತ್ತಾ ಕುಳಿತವಳಿಗೆ ಇಬ್ತಿಸಾಮ್ ಹೇಳಿದ ಒಂದು ಮಾತು ತಲೆಯಲ್ಲಿ ಸುತ್ತುತ್ತಿತ್ತು, ಮುಚ್ಚಿದ ಕಡೆ ಕೂಡಿಕೊಳ್ಳುತ್ತದೆ. ಹಿಟ್ಟಿನ ಕೈ ಒರೆಸಿಕೊಂಡು ಗಂಡನ ಎದುರು ಹೋಗಿ ಕುಳಿತೆ.

“ಆ ಡಬ್ಬಿ ನಮ್ಮ ಕೋಣೆ ಗಾಳಿ ನೋಡ್ಲೇ ಇಲ್ಲ, ಅಲ್ವಾ?”

ಅವರು ಎಣಿಸುತ್ತಿದ್ದ ಜಪಮಣಿ ಪಕ್ಕಕ್ಕಿಟ್ಟರು. ಆಮೇಲೆ ಅಂದರು:

“ನೋಡ್ಲಿಲ್ಲ. ನಾನು ಮರ್ಯಾದೆ ಮಾಡೋಕೆ ಹೋಗಿ ಹುಡುಗನ ಮದುವೆಗೇ ಮಣ್ಣು ಮೆತ್ತಿದೆ.”

ಇಬ್ತಿಸಾಮಳಿಗೆ ಫೋನ್ ಮಾಡಿ ತಾವೇ ಹೇಳಿದರು. ಅವಳು ಬೈಯಲಿಲ್ಲವಂತೆ. ಬೇರೆ ಒಂದು ಮನೆಯಲ್ಲಿ ಡಬ್ಬಿಗೆ ದೃಷ್ಟಿ ತಾಗದಿರಲೆಂದು ಊದುಬತ್ತಿ ಹೊಗೆ ಹಾಕಿದ್ದರಂತೆ, ಇನ್ನೊಂದರಲ್ಲಿ ಅಜ್ಜಿ ಅದರೊಳಗೆ ಕೇಸರಿ ತುಂಬಿಟ್ಟಿದ್ದಳಂತೆ. ಆದರೆ ಒಂದು ಮಾತು ಖಂಡಿತವಾಗಿ ಹೇಳಿದಳು. ತಪ್ಪು ಜಾಗದಲ್ಲಿ ಇಟ್ಟ ಮಾತ್ರಕ್ಕೆ ಲೆಕ್ಕ ಸುಳ್ಳಲ್ಲ. ಆ ಕೋಣೆಯ ಲೆಕ್ಕ ಅದೇ. ಅಲ್ಲೇ ಮಕ್ಕಳು ಮಲಗುವುದಾದರೆ ಅದನ್ನು ಇಳಿಸಬೇಕು. ಬಾಗಿಲು ತೆರೆದರೆ ಸಾಲದು. ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗಬೇಕು, ಹೋಗುವ ದಾರಿ ಮೇಲಿದ್ದರೆ ಒಳ್ಳೆಯದು.

ಮೇಲಿನ ದಾರಿ ಎಂದ ಕೂಡಲೇ ನಾನು ಗಂಡನ ಮುಖ ನೋಡಿದೆ. ಅವರು ಮಾಳಿಗೆ ನೋಡುತ್ತಿದ್ದರು.

ಈಗ ಕೋಣೆ ತೆರೆಯಬೇಕು. ಆದರೆ ಮದುಮಗಳಿಗಿಂತ ಮೊದಲು ಯಾರೂ ಕಾಲಿಡುವ ಹಾಗಿಲ್ಲ. ನೌಫಲ್ ಔಷಧಿ ಅಂಗಡಿಗೆ ಹೋಗಿ, ಕೆಡದ ಏ.ಸಿ.ಯನ್ನು ಇನ್ನೊಮ್ಮೆ ನೋಡಿ, ಸಂಗತಿ ತಿಳಿಸಿ ಬಂದ. ಮೊಂಜಿಯಾ ತನ್ನ ರಜೆಯ ದಿನ ತಾಯಿಯನ್ನೂ ಎಳೆದುಕೊಂಡು ಬಂದಳು. ಮದುವೆಗೆ ಮೊದಲೇ ಹುಡುಗಿ ಕೋಣೆ ತೆರೆಯುವುದೇ ಎಂದು ಸಾಸಿಯಾ ಸುರಂಗದುದ್ದಕ್ಕೂ ಗೊಣಗುತ್ತಲೇ ಇಳಿದಳು. ಮೊಂಜಿಯಾ ಬಾಗಿಲ ಮಣ್ಣನ್ನು ತನ್ನ ಬೆರಳಿನಿಂದಲೇ ಕೆರೆದು ಉದುರಿಸಿದಳು, ಬಿಸ್ಮಿಲ್ಲಾ ಎಂದು ತಳ್ಳಿದಳು. ಒಳಗಿನಿಂದ ಹಳೆಯ ಗಡಿಗೆಯ ಬಾಯಿ ತೆರೆದಂಥ ತಣ್ಣನೆ ಗಾಳಿ ಬಂತು. ಅವಳು ಒಂದು ಹೆಜ್ಜೆ ಇಟ್ಟು, ಮೂಗು ಮುಚ್ಚಿಕೊಂಡು ಹೊರಗೆ ಬಂದಳು.

“ಅತ್ತೆ, ಕೋಣೆ ಚೆನ್ನಾಗಿದೆ. ಪಾಪ, ಅದಕ್ಕೇ ಉಸಿರುಗಟ್ಟಿದೆ” ಅಂದಳು.

ಕಂಡಿ ಹುಡುಕುವ ಕೆಲಸ ಶುರುವಾಯಿತು. ಕೆಳಗಿನಿಂದ ಸುಣ್ಣದ ಮಾಳಿಗೆ ಒಂದೇ ಸಮ, ಮೇಲೆ ಗುಡ್ಡದ ಮಣ್ಣು ಒಂದೇ ಸಮ. ಖ್ಲೀಫಾ ಮೇಲೆ ನಿಂತು ಇಲ್ಲಿ ಎಂದರು, ಅಗೆದರೆ ಅಲ್ಲಿ ಇರಲಿಲ್ಲ. ಅಲ್ಲಿ ಎಂದರು, ಅಲ್ಲೂ ಇರಲಿಲ್ಲ. ಬಂದವರನ್ನೆಲ್ಲ ಸೋಲಿಸಿದ ಅವರ ಕೈಚಳಕಕ್ಕೆ ಈಗ ಅವರೇ ಸೋತಿದ್ದರು. ನೌಫಲ್ ಒಳಗೆ ನಿಂತು ಕೋಲಿನಿಂದ ಮಾಳಿಗೆ ಕುಟ್ಟುವುದು, ತಂದೆ ಮೇಲೆ ನೆಲಕ್ಕೆ ಕಿವಿಯಿಟ್ಟು ಮಲಗುವುದು ಎಂದು ಗೊತ್ತುಮಾಡಿಕೊಂಡರು. ಅವರು ಹಾಗೆ ಮಲಗಿದ್ದನ್ನು ನೋಡಿ ದಾರಿಯಲ್ಲಿ ಹೋಗುತ್ತಿದ್ದ ಪಕ್ಕದ ಮನೆಯವರು ಏನಾಯಿತೋ ಎಂದು ನೀರು ತಂದರು. ಸಾಸಿಯಾ ಅಂಗಳದಲ್ಲಿ ಕೂತು ನೋಡುತ್ತಿದ್ದವಳು ಮೊದಲ ಸಲ ನಕ್ಕಳು. ನಕ್ಕು, ನಮ್ಮ ಗೋಡೆಗೆ ಬೆನ್ನು ಕೊಟ್ಟು ಒರಗಿದಳು.

ಕೊನೆಗೆ ಟೊಳ್ಳು ಸದ್ದು ಕೇಳಿಸಿತು. ಕಲ್ಲು ಕಿತ್ತ ಮೇಲೆ ಒಂದು ಬಿಸಿಲಿನ ಕೋಲು ನೇರ ಕೋಣೆಯ ನಡುವೆ ಬಂದು ನಿಂತಿತು. ನೌಫಲ್ ತವರದಿಂದ ಒಂದು ಟೋಪಿ ಮಾಡಿ ಕಂಡಿಯ ಮೇಲೆ ಎತ್ತರದಲ್ಲಿ ನಿಲ್ಲಿಸಿದ. ಮಳೆಗೂ ಮೇಕೆಗೂ ತಡೆ, ಗಾಳಿಗೆ ದಾರಿ. ಬಾಗಿಲಿನ ಕೆಳಗೂ ಒಂದು ಜಾಲರಿ ಕೂರಿಸಿದ. ಇಬ್ತಿಸಾಮ್ ಬಂದು ಎರಡು ಹೊಸ ಡಬ್ಬಿ ಕಟ್ಟಿದಳು, ಒಂದು ಅಲ್ಲಿ, ಒಂದು ನಮ್ಮ ಕೋಣೆಯಲ್ಲಿ. ಈ ಸಲ ಖ್ಲೀಫಾ ಅವುಗಳ ಹತ್ತಿರವೂ ಸುಳಿಯಲಿಲ್ಲ.

ಬೇಸಿಗೆ ಮುಗಿಯುವ ಮೊದಲೇ, ಅಂಜೂರ ಹಣ್ಣಾಗುವ ಹೊತ್ತಿಗೆ ಲೆಕ್ಕ ಬಂತು. ನಮ್ಮ ಅಂಗಳದಲ್ಲೇ ಎಲ್ಲರೂ ಕುಳಿತಿದ್ದೆವು, ಸಾಸಿಯಾ, ಮೊಂಜಿಯಾ, ನಾವು ಮೂವರು. ಇಬ್ತಿಸಾಮ್ ಸುತ್ತಿ ಬಳಸಿ ಹೇಳುವವಳಲ್ಲ. ಎರಡು ಕೋಣೆಗಳೂ ಗೆರೆಯ ಕೆಳಗೆ ಬಂದಿದ್ದವು. ಸಾಸಿಯಾಳ ಮನೆ ಈಗಲೂ ಇದಕ್ಕಿಂತ ಕಡಿಮೆಯೇ. ಚಳಿ ಬಂತೆಂದು ಕಂಡಿ ಮುಚ್ಚಿದರೆ ಮತ್ತೆ ಏರುತ್ತದೆ, ಹಾಗಾಗಿ ಚಳಿಗಾಲದಲ್ಲೂ ಬಂದು ನೋಡುತ್ತೇನೆ ಎಂದಳು.

“ನೋಡಿದ್ಯಾ, ನಮ್ಮ ಮನೇನೇ ಕಡಿಮೆ” ಎಂದು ಸಾಸಿಯಾ ಮಗಳ ತೊಡೆ ತಟ್ಟಿದಳು.

ಮೊಂಜಿಯಾ ಒಂದು ಪ್ರಶ್ನೆ ಕೇಳಿದಳು. ಕಡಿಮೆ ಇರುವ ಮನೆಯಲ್ಲಿ ಸಿಗರೇಟು ಸೇದುವವನು, ಈ ಗುಂಡಿಯಲ್ಲಿ ಸೇದದೆ ಇರುವವನು, ಇಬ್ಬರಲ್ಲಿ ಯಾರಿಗೆ ಅಪಾಯ ಹೆಚ್ಚು?

“ಸೇದುವವನಿಗೆ. ಅದರಲ್ಲಿ ಅನುಮಾನವೇ ಇಲ್ಲ” ಎಂದಳು ಇಬ್ತಿಸಾಮ್. “ಎರಡೂ ಒಬ್ಬರಿಗೇ ಸೇರಿದ್ರೆ ಎಲ್ಲಕ್ಕಿಂತ ಕಷ್ಟ. ಒಂದು ಇನ್ನೊಂದನ್ನ ಎಬ್ಬಿಸುತ್ತೆ.”

ಮಬ್ರೂಕ್ ಬಾವ ನನಗೆ ನೆನಪಾದರು, ತುಟಿಯ ಮೂಲೆಯಲ್ಲಿ ಸದಾ ಇರುತ್ತಿದ್ದ ಅವರ ಸಿಗರೇಟಿನ ಸಮೇತ. ಮೊಂಜಿಯಾ ನೌಫಲನ ಕಡೆ ತಿರುಗಿದಳು.

“ನಾನು ಈ ಮನೆಗೆ ಬರ್ತೀನಿ. ಆದ್ರೆ ನಾನು ಬಂದ ಮೇಲೆ ಸಿಗರೇಟು ಇರಬಾರದು. ಎರಡರಲ್ಲಿ ಯಾವುದು ಬೇಕೋ ಹೇಳು.”

ನೌಫಲ್ ನೆಲ ನೋಡಿದ. ಉತ್ತರ ಗೊತ್ತಿತ್ತು, ಹೇಳುವುದು ಹೇಗೆ? ತಂದೆ ಎದುರಿಗೇ ಕೂತಿದ್ದಾರೆ. ಬಿಡುತ್ತೇನೆ ಎಂದರೆ ಸೇದುತ್ತಿದ್ದೆ ಎಂದಂತಾಯಿತು. ಹುಡುಗ ಬೆವರಿದ. ಸಾಸಿಯಾ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು.

“ನನ್ನ ಮಗ ಸಿಗರೇಟು ಸೇದಲ್ಲ” ಎಂದರು ಖ್ಲೀಫಾ, ಬಹಳ ಗಂಭೀರವಾಗಿ.

“ಗೊತ್ತು ಮಾವ” ಎಂದಳು ಮೊಂಜಿಯಾ, ಅಷ್ಟೇ ಗಂಭೀರವಾಗಿ. “ಹಾಗಾದ್ರೆ ಅವರಿಗೆ ಬಿಡೋದು ಸುಲಭ.”

ನೌಫಲ್ ತಲೆಯೆತ್ತದೆ ಹೇಳಿದ: “ಸುಲಭ. ನೀನೇ ಬಾ.”

ಎಲ್ಲರೂ ಸಾಸಿಯಾಳ ಕಡೆ ನೋಡಿದೆವು. ಅವಳು ತೆರೆದಿದ್ದ ಕೋಣೆಯ ಬಾಗಿಲನ್ನೂ ಒಳಗೆ ನಿಂತ ಬಿಸಿಲಿನ ಕೋಲನ್ನೂ ನೋಡಿದಳು. ಆಮೇಲೆ, ಚಳಿಗಾಲದ ಲೆಕ್ಕ ಬಂದಾಗ ಮೊದಲು ತನಗೇ ತಿಳಿಸಬೇಕು, ಏರಿದರೆ ಮಕ್ಕಳಿಬ್ಬರೂ ಮರುದಿನವೇ ತನ್ನ ಮನೆಗೆ ಬರಬೇಕು ಎಂದು ಇಬ್ತಿಸಾಮಳ ಕೈ ಹಿಡಿದು ಮಾತು ಪಡೆದಳು. ಅವಳ ಒಪ್ಪಿಗೆಯ ಉಳಿದರ್ಧ ಅದೇ.

ಖ್ಲೀಫಾ ಅವರನ್ನು ಯಾರೂ ಏನೂ ಕೇಳಲಿಲ್ಲ. ಹಿರಿಯರನ್ನು ಸೊಸೆಯಾಗುವವಳು ಕೇಳುವುದಾದರೂ ಹೇಗೆ? ಅವರೇ ಕಿಸೆಯಿಂದ ಸಿಗರೇಟಿನ ಡಬ್ಬಿ ತೆಗೆದು ನನ್ನ ಮಡಿಲಿಗೆ ಹಾಕಿದರು. ಮಗ ಸೇದದ ಮನೆಯಲ್ಲಿ ತಂದೆ ಸೇದಿದರೆ ಚೆನ್ನಾಗಿರುವುದಿಲ್ಲ ಎಂದರು.

ಸೆಪ್ಟೆಂಬರಿನಲ್ಲಿ ಮದುವೆಯಾಯಿತು. ಮೊಂಜಿಯಾ ಕೋಣೆಗೆ ಕಾಲಿಟ್ಟಾಗ ನಾವು ಮುದುಕಿಯರು ಮೇಲೆ ಹತ್ತಿ, ತವರದ ಟೋಪಿ ಸರಿಸಿ, ಕಂಡಿಯಿಂದ ಬಾರ್ಲಿಯನ್ನೂ ಸಕ್ಕರೆ ಮೆತ್ತಿದ ಬಾದಾಮಿಯನ್ನೂ ಸುರಿದೆವು. ಕೆಳಗಿನಿಂದ ಅವಳ ನಗು ಕಂಡಿಯ ಮೂಲಕ ಮೇಲೆ ಬಂತು. ಬಾದಾಮಿ ಸ್ವಲ್ಪ ದೊಡ್ಡದಿತ್ತು, ತಲೆಗೆ ತಾಗಿತೋ ಏನೋ ಎಂದು ಸಾಸಿಯಾ ಕಂಡಿಗೆ ಬಗ್ಗಿ ಕೇಳಿದಳು.

ಚಳಿಗಾಲದ ಲೆಕ್ಕ ಸ್ವಲ್ಪ ಏರಿತು, ಗೆರೆ ದಾಟಲಿಲ್ಲ. ನಾವು ಇನ್ನೊಂದು ಕಂಬಳಿ ಹೊದ್ದೆವು, ಕಂಡಿ ಮುಚ್ಚಲಿಲ್ಲ.

ಖ್ಲೀಫಾ ಅವರ ವಿಷಯ ಮಾತ್ರ ಅಷ್ಟು ಚೊಕ್ಕವಾಗಿಲ್ಲ. ಸಂಜೆಯಾದರೆ ಮೇಕೆ ನೋಡಿಕೊಂಡು ಬರುತ್ತೇನೆ ಎಂದು ಸುರಂಗ ಹತ್ತುತ್ತಾರೆ. ಮೇಕೆಗಳು ಕೆಳಗೇ ಕಟ್ಟಿರುತ್ತವೆ. ಮೊದಮೊದಲು ದಿನವೂ ಹತ್ತುತ್ತಿದ್ದರು, ಈಗ ಮಂಡಿ ನೋವಿನ ದಿನ ಬಿಡುತ್ತಾರೆ, ಮಂಡಿ ನೋವು ವಾರದಲ್ಲಿ ಹೆಚ್ಚು ದಿನ ಇರುತ್ತದೆ. ನೌಫಲ್ ಒಂದು ಸಿಗರೇಟನ್ನೂ ಮುಟ್ಟಿಲ್ಲ. ಅದನ್ನು ಮೊಂಜಿಯಾಳ ಮೂಗು ದಿನವೂ ಪರೀಕ್ಷೆ ಮಾಡುತ್ತದೆ. ಕೆಲಸದಿಂದ ಬಂದವನು ಗುಂಡಿಯ ಅಂಚಿನಲ್ಲಿ ಕುಳಿತ ತಂದೆಯನ್ನು ದಾಟಿಕೊಂಡೇ ಕೆಳಗೆ ಇಳಿಯಬೇಕು. ಆ ಅಂಚಿಗೆ ಬರುವ ಮೊದಲು ಅವನು ನಿಂತು, ಚೆನ್ನಾಗಿರುವ ಗಂಟಲಿನಿಂದ ಗಟ್ಟಿಯಾಗಿ ಒಮ್ಮೆ ಕೆಮ್ಮುತ್ತಾನೆ.